ನೂರು ವರ್ಷ ನೈಟ್ರೋಜನ್ ತುಂಬುವವರು ಯಾರು? ಜಾಗದ ಮಾತು ಆಮೇಲೆ

ಉದ್ಯಮಬಾಗದವ (ಬೆಳಗಾವಿ)

ಸತ್ತವರ ದೇಹವನ್ನು ಮುಂದೊಂದು ದಿನ ಎಬ್ಬಿಸಬಹುದೆಂಬ ಆಸೆಯಿಂದ ಅತಿ ತಂಪಿನಲ್ಲಿ ಕಾಯ್ದಿಡುವ ಕ್ರಯಾನಿಕ್ಸ್ ಎಂದೊಡನೆ ನಮ್ಮಲ್ಲಿ ಮಾತು ಎರಡೇ ದಾರಿ ಹಿಡಿಯುತ್ತದೆ. ಸತ್ತವನು ಎದ್ದು ಬಂದು ಹೊಲದ ಪಾಲು ಕೇಳಿದರೆ ಏನು ಗತಿ ಎಂಬ ನಗೆ ಒಂದು, ಮೇಲಿನವನ ಕೆಲಸಕ್ಕೆ ಕೈಹಾಕುತ್ತಾರೆ ಎಂಬ ಸಿಟ್ಟು ಇನ್ನೊಂದು. ಹೀಗೆ ಇಟ್ಟವರಲ್ಲಿ ಇದುವರೆಗೆ ಯಾರೂ ಎದ್ದಿಲ್ಲ, ಎಬ್ಬಿಸುವ ವಿದ್ಯೆಯೂ ಯಾರಿಗೂ ಗೊತ್ತಿಲ್ಲ. ಅಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

ನಾನು ಒತ್ತಡದ ಪಾತ್ರೆಗಳ ವೆಲ್ಡಿಂಗ್ ನೋಡಿಕೊಂಡು ಬಂದವನು. ನನ್ನ ಕುತೂಹಲ ದೇಹದ ಮೇಲಲ್ಲ, ಪಾತ್ರೆಯ ಮೇಲೆ. ಅಮೆರಿಕದ ಅರಿಜೋನಾದಲ್ಲಿ ಹೀಗೆ ದೇಹ ಕಾಯ್ದಿಡುವ ಆಲ್ಕೋರ್ ಸಂಸ್ಥೆ ಆಗಲಿ, ಮಿಷಿಗನ್‌ನ ಕ್ರಯಾನಿಕ್ಸ್ ಇನ್‌ಸ್ಟಿಟ್ಯೂಟ್ ಆಗಲಿ, ತತ್ವ ಒಂದೇ: ಎರಡು ಗೋಡೆಗಳ ನಡುವೆ ನಿರ್ವಾತ, ಒಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ನೈಟ್ರೋಜನ್. ಇದಕ್ಕೆ ಕರೆಂಟು ಬೇಡ. ಆದರೆ ನೈಟ್ರೋಜನ್ ದಿನವೂ ಒಂದಿಷ್ಟು ಆವಿಯಾಗುತ್ತದೆ, ಹೋದಷ್ಟನ್ನು ತುಂಬಲೇಬೇಕು. ಆಲ್ಕೋರ್‌ನವರು ದೇಹವನ್ನು ಪಾತ್ರೆಯೊಳಗೆ ತಲೆಕೆಳಗಾಗಿ ಇಳಿಸುತ್ತಾರೆ. ಯಾರೂ ತುಂಬದೆ ಮಟ್ಟ ಇಳಿಯುತ್ತ ಹೋದರೆ ಮೊದಲು ಕಾಲು ಕೆಡಲಿ, ತಲೆ ಕೊನೆಯವರೆಗೂ ಮುಳುಗಿರಲಿ ಎಂಬ ಲೆಕ್ಕ. ತಮ್ಮ ಮುಂದಿನ ಸಿಬ್ಬಂದಿಯನ್ನು ಎಷ್ಟು ನಂಬಬಹುದು ಎಂದು ಅವರೇ ಹಾಕಿಕೊಂಡ ಅಂದಾಜು ಅದು ಎಂದು ನಾನು ಓದಿಕೊಳ್ಳುತ್ತೇನೆ.

ಜಾಗದ ವಿಷಯದಲ್ಲಿ ಅವರು ತುಂಬ ತಲೆ ಕೆಡಿಸಿಕೊಂಡಿದ್ದಾರೆ. 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಆಲ್ಕೋರ್ 1994ರಲ್ಲಿ ಭೂಕಂಪಕ್ಕೆ ಹೆದರಿ ಪಾತ್ರೆ ಸಮೇತ ಸ್ಕಾಟ್ಸ್‌ಡೇಲ್‌ಗೆ ಗುಳೆ ಹೋಯಿತು. ಆಸ್ಟ್ರೇಲಿಯಾದವರು ಸಿಡ್ನಿ ಮೆಲ್ಬರ್ನ್ ಹೆದ್ದಾರಿಯ ನಡುವಿನ ಹೋಲ್‌ಬ್ರೂಕ್ ಎಂಬ ಸಣ್ಣ ಊರನ್ನು ಆರಿಸಿಕೊಂಡರು. 2024ರಲ್ಲಿ ಅಲ್ಲಿಗೆ ಮೊದಲ ದೇಹ ಬಂತು. ಸ್ವಿಟ್ಜರ್ಲೆಂಡಿನ ರಾಫ್ಜ್‌ನಲ್ಲಿಯೂ ಒಂದು ಕೇಂದ್ರ ಇದೆ.

ಈಗ ನನ್ನ ಪ್ರಶ್ನೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಇಂಥದ್ದೊಂದು ಕಟ್ಟುವುದಾದರೆ ಎಲ್ಲಿ ಕಟ್ಟಬೇಕು? ಬೆಳಗಾವಿಗೆ ತಂಪು ಹವೆ ಇದೆ, ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಇದೆ, 48ರ ಹೆದ್ದಾರಿ ಇದೆ, ಫೌಂಡ್ರಿಯಲ್ಲಿ ಪಳಗಿದ ಕೈಗಳಿವೆ. ವಿಜಯಪುರದಲ್ಲಿ ಒಣ ಹವೆ, ವಿಸ್ತಾರವಾದ ಬಯಲು. ಆದರೆ ಭಾನುವಾರ ನಡುರಾತ್ರಿ ಅಲಾರಂ ಕೂಗಿದಾಗ ಎದ್ದು ಬರುವವನು ಎಲ್ಲಿ ಸಂಸಾರ ಹೂಡಿಕೊಂಡು ಇರಬಲ್ಲನೋ ಅದೇ ಸರಿಯಾದ ಜಾಗ ಎಂಬುದು ನನ್ನ ಅಭಿಪ್ರಾಯ. ಭೂಗರ್ಭದ ನಕ್ಷೆ ನೋಡುವುದು ಅದಾದ ಮೇಲೆ.

ನಿವೃತ್ತ ಪಶು ಪರಿವೀಕ್ಷಕ (ಜಮಖಂಡಿ)

ಸಾಹೇಬರೇ, ಅರಿಜೋನಾಕ್ಕೆ ಏಕೆ ಹೋಗುತ್ತೀರಿ? ನಮ್ಮ ಜಿಲ್ಲೆಯ ಒಂದೊಂದು ಪಶು ಆಸ್ಪತ್ರೆಯಲ್ಲೂ ದ್ರವ ನೈಟ್ರೋಜನ್ ಇದೆ. ಎಮ್ಮೆ ಆಕಳುಗಳ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ಕಡ್ಡಿಗಳು ಅದರಲ್ಲೇ ಮುಳುಗಿರುತ್ತವೆ. ನಾಶಿಕದ ಕಾರ್ಖಾನೆಯಿಂದ ಬಂದ ಕ್ಯಾನುಗಳನ್ನು ಸೈಕಲ್ಲಿಗೂ ಮೋಟಾರ್ ಸೈಕಲ್ಲಿಗೂ ಕಟ್ಟಿಕೊಂಡು ತೋಟದ ವಸ್ತಿಗಳಿಗೆ ಹೋದವನು ನಾನು. ಸಣ್ಣ ಮೂರು ಲೀಟರಿನ ಕ್ಯಾನು ಕೆಲವು ವಾರ ತಡೆಯುತ್ತದೆ, ದೊಡ್ಡದು ತಿಂಗಳುಗಟ್ಟಲೆ. ಎಲ್ಲದಕ್ಕೂ ಷರತ್ತು ಒಂದೇ, ನೋಡುವವನು ಇರಬೇಕು.

ನೋಡುವುದೆಂದರೆ ಏನು ಎಂದು ಹೇಳುತ್ತೇನೆ. ಕ್ಯಾನಿನೊಳಗೆ ಅಳತೆ ಕೋಲು ಇಳಿಸಿ ಕೆಲವು ಸೆಕೆಂಡು ತಳ ಮುಟ್ಟಿಸಿ ಹಿಡಿದು, ಹೊರಗೆ ತೆಗೆದು ಗಾಳಿಯಲ್ಲಿ ಆಡಿಸಬೇಕು. ದ್ರವದಲ್ಲಿ ಅದ್ದಿದ್ದ ಭಾಗದ ಮೇಲೆ ಬಿಳಿಯ ಹಿಮ ಕೂರುತ್ತದೆ. ಹಿಮ ಎಲ್ಲಿಯವರೆಗೆ ಏರಿತೋ ಅಷ್ಟು ನೈಟ್ರೋಜನ್ ಇದೆ. ಆ ಗೆರೆಯನ್ನು ಪುಸ್ತಕದಲ್ಲಿ ಬರೆಯಬೇಕು. ಕೆಲವರು ಕೋಲು ಅದ್ದದೆಯೇ ಬರೆಯುತ್ತಾರೆ, ಅದು ಬೇರೆ ಮಾತು. ಇನ್ನೊಂದು, ಕ್ಯಾನಿನ ಹೊರಮೈ ಬೆವರುತ್ತಿದ್ದರೆ, ಕುತ್ತಿಗೆಯ ಸುತ್ತ ಹಿಮ ಕಟ್ಟಿದ್ದರೆ, ಒಳಗಿನ ನಿರ್ವಾತ ಹೋಗಿದೆ ಎಂದು ತಿಳಿಯಬೇಕು. ಆ ಕ್ಯಾನು ಎಷ್ಟು ತುಂಬಿದರೂ ನಿಲ್ಲುವುದಿಲ್ಲ. ಒಳಗಿರುವುದನ್ನು ಕೂಡಲೇ ಬೇರೆ ಕ್ಯಾನಿಗೆ ವರ್ಗಾಯಿಸಬೇಕು. ಕೈಬೆರಳಷ್ಟು ಕಡ್ಡಿಗಳಾದರೆ ಅದು ಒಂದು ನಿಮಿಷದ ಕೆಲಸ. ಆಳೆತ್ತರದ ದೇಹಗಳನ್ನು ಹೇಗೆ ವರ್ಗಾಯಿಸುತ್ತೀರಿ, ಕ್ರೇನು ಯಾರು ನಡೆಸುತ್ತಾರೆ, ಖಾಲಿ ಪಾತ್ರೆ ಯಾವಾಗಲೂ ಒಂದು ತಯಾರಿರುತ್ತದೆಯೇ? ಜಾಗ ಹುಡುಕುವ ಮೊದಲು ಇದನ್ನು ಕೇಳಿ.

ನನ್ನ ಅನುಭವದಲ್ಲಿ ಕ್ಯಾನು ಒಣಗುವುದು ಬೇಸಿಗೆಯ ಬಿಸಿಲಿಗಲ್ಲ, ವರ್ಗಾವಣೆಗೆ. ಹಳಬರು ಹೋಗಿ ಹೊಸಬರು ಬರುವ ನಡುವಿನ ತಿಂಗಳಿನಲ್ಲಿ ಅದು ಯಾರ ಹೊಣೆಯೂ ಅಲ್ಲ. ಒಮ್ಮೆ ಕರಗಿ ಮತ್ತೆ ತಂಪಾದ ಕಡ್ಡಿ ನೋಡಲಿಕ್ಕೆ ಒಳ್ಳೆಯ ಕಡ್ಡಿಯಂತೆಯೇ ಇರುತ್ತದೆ. ರೈತನಿಗೆ ಗೊತ್ತಾಗುವುದು ಎಮ್ಮೆ ಗಬ್ಬವಾಗದಿದ್ದಾಗ. ಬಂದು ಬೈಯುತ್ತಾನೆ, ನಾವು ತಿದ್ದಿಕೊಳ್ಳುತ್ತೇವೆ. ನೀವು ಹೇಳುವ ಕೇಂದ್ರದಲ್ಲಿ ಬೈಯುವವರು ಯಾರು? ಇವತ್ತು ಒಬ್ಬ ಉದಾಸೀನ ಮಾಡಿದರೆ ಅದು ಪತ್ತೆಯಾಗಲು ನೂರೈವತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಅವನ ಮೊಮ್ಮಕ್ಕಳ ಪಿಂಚಣಿಯೂ ಮುಗಿದಿರುತ್ತದೆ.

ಭ್ರೂಣಶಾಸ್ತ್ರದಾಕೆ (ಟಿಳಕವಾಡಿ, ಬೆಳಗಾವಿ)

ಪರಿವೀಕ್ಷಕ ಸರ್ ಹೇಳಿದ ಕೊನೆಯ ಮಾತು ನನ್ನ ಕೆಲಸಕ್ಕೂ ತಾಗುತ್ತದೆ. ನಾನು ಐವಿಎಫ್ ಪ್ರಯೋಗಾಲಯದಲ್ಲಿ ಭ್ರೂಣಗಳ ಟ್ಯಾಂಕು ನೋಡಿಕೊಳ್ಳುವವಳು. ನಮ್ಮಲ್ಲಿ ದಂಪತಿಗಳು ವರ್ಷಕ್ಕೊಮ್ಮೆ ಶುಲ್ಕ ಕಟ್ಟಲು ಬರುತ್ತಾರೆ, ಬಂದಾಗ ಕೇಳುತ್ತಾರೆ, ಕೆಲವರು ಟ್ಯಾಂಕು ತೋರಿಸಿ ಎಂದು ಹಟವನ್ನೂ ಮಾಡುತ್ತಾರೆ. ಆ ಕಾಟವೇ ನಮ್ಮನ್ನು ನೆಟ್ಟಗೆ ಇಟ್ಟಿದೆ.

2018ರ ಮಾರ್ಚ್ 4ರ ವಾರಾಂತ್ಯದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಯೂನಿವರ್ಸಿಟಿ ಹಾಸ್ಪಿಟಲ್ಸ್‌ನ ಟ್ಯಾಂಕೊಂದರಲ್ಲಿ ತಾಪ ಏರಿ 4000ಕ್ಕೂ ಹೆಚ್ಚು ಅಂಡ ಮತ್ತು ಭ್ರೂಣಗಳು ಹಾಳಾದವು. ಟ್ಯಾಂಕು ತಾನಾಗಿ ತುಂಬಿಕೊಳ್ಳುವ ವ್ಯವಸ್ಥೆ ಕೆಲವು ವಾರಗಳಿಂದ ತೊಂದರೆ ಕೊಡುತ್ತಿತ್ತು, ಸಿಬ್ಬಂದಿ ಕೈಯಿಂದ ತುಂಬುತ್ತಿದ್ದರು. ಹೊರಗಿರುವವರಿಗೆ ಸುದ್ದಿ ಮುಟ್ಟಿಸಬೇಕಾದ ದೂರದ ಅಲಾರಂ ಆಫ್ ಆಗಿತ್ತು. ಅದೇ ದಿನ ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಕೇಂದ್ರದಲ್ಲೂ ಟ್ಯಾಂಕು ಕೈಕೊಟ್ಟಿತು. ಎರಡೂ ಹಣವಿರುವ, ಹೆಸರಿರುವ ಜಾಗಗಳು, ಸುತ್ತ ಜನ ಇರುವ ಜಾಗಗಳು. ಸುತ್ತ ಜನ ಇದ್ದರೆ ಸಾಕು ಎನ್ನುವಂತಿಲ್ಲ ಅಣ್ಣಾವರೇ. ಶನಿವಾರ ರಾತ್ರಿ ಯಾರ ಸರದಿ ಎಂದು ಗೋಡೆಯ ಮೇಲೆ ಹೆಸರು ಇರಬೇಕು, ಆ ಹೆಸರಿನವರಿಗೆ ಬದಲಿ ಯಾರು ಎಂಬುದೂ ಇರಬೇಕು.

ಸುರಕ್ಷತೆಯ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡಾ ಇರುತ್ತದೆ, 19.5ಕ್ಕಿಂತ ಕೆಳಗಿಳಿದರೆ ಅಪಾಯ ಶುರು. ಕೋಣೆ ಚಿಕ್ಕದಾಗಿದ್ದು ಪಾತ್ರೆ ಒಡೆದರೆ ಒಳಗೆ ಹೋದವನು ಎಚ್ಚರ ತಪ್ಪಿ ಬೀಳುತ್ತಾನೆ, ಅವನನ್ನು ಎಳೆಯಲು ಹೋದ ಎರಡನೆಯವನೂ ಬೀಳುತ್ತಾನೆ. ಆದ್ದರಿಂದ ಒಬ್ಬರೇ ಯಾವತ್ತೂ ಟ್ಯಾಂಕಿನ ಕೋಣೆಗೆ ಹೋಗಬಾರದು, ಲಿಫ್ಟಿನಲ್ಲಿ ಕ್ಯಾನಿನ ಜೊತೆ ಮನುಷ್ಯ ನಿಲ್ಲಬಾರದು, ಪ್ಯಾಂಟಿನ ತುದಿ ಬೂಟಿನೊಳಗೆ ತುರುಕಿರಬಾರದು, ಏಕೆಂದರೆ ಚೆಲ್ಲಿದ ನೈಟ್ರೋಜನ್ ಅಲ್ಲೇ ಕೂತು ಸುಡುತ್ತದೆ. ನೆಲಮಾಳಿಗೆಯಲ್ಲಿ, ಗುಹೆಯಲ್ಲಿ ಕಟ್ಟೋಣ ಎನ್ನುವ ಉತ್ಸಾಹಿಗಳು ಇದನ್ನು ಎರಡು ಸಲ ಓದಲಿ. ತಣ್ಣನೆಯ ಆ ಅನಿಲ ತಗ್ಗಿಗೇ ಇಳಿಯುತ್ತದೆ.

ನವನಗರ ನಿವಾಸಿ (ಬಾಗಲಕೋಟೆ)

ನಮ್ಮ ಊರನ್ನು ಯಾರೂ ಪರಿಗಣಿಸಿಯೇ ಇಲ್ಲ, ಒಳ್ಳೆಯದಾಯಿತು. ಕಾಯಂ ಜಾಗ ಎಂದರೆ ಏನು ಎಂದು ನಮ್ಮನ್ನು ಕೇಳಿ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು. ಅಜ್ಜ ಕಟ್ಟಿಸಿದ ಮನೆ, ಅಂಗಡಿ, ಮನೆಯ ಹಿಂದಿನ ಬಾವಿ ಎಲ್ಲಕ್ಕೂ ಒಂದು ಸಂಖ್ಯೆ ಬಿತ್ತು, ಪರಿಹಾರ ಬಂತು, ನಾವು ನವನಗರದ ಸೆಕ್ಟರಿಗೆ ಬಂದೆವು. ಅಣೆಕಟ್ಟೆಯ ಮಟ್ಟ ಈಗ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತು ನಡೆಯುತ್ತಲೇ ಇದೆ. ಹಾಗಾದರೆ ಇನ್ನಷ್ಟು ಹಳ್ಳಿಗಳು. ನೂರು ವರ್ಷದ ಯೋಜನೆ ಹಾಕುವವರು ಕಂದಾಯ ನಕ್ಷೆಯ ಜೊತೆಗೆ ನೀರಾವರಿ ಇಲಾಖೆಯ ನಕ್ಷೆಯನ್ನೂ ಮುಂದಿಟ್ಟುಕೊಳ್ಳಬೇಕು. ಭೂಕಂಪಕ್ಕೆ ಹೆದರುತ್ತೀರಿ, ಭೂಸ್ವಾಧೀನಕ್ಕೆ ಹೆದರುವುದಿಲ್ಲವೇ?

2019ರ ಆಗಸ್ಟ್ ನೆನಪಿದೆಯಲ್ಲ? ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಒಟ್ಟಿಗೆ ಏರಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ಸಾವಿರದ ಮುನ್ನೂರು ವರ್ಷ ಹಿಂದೆ ಜಾಗ ಆರಿಸಿದವರೂ ಹೊಳೆಯ ದಂಡೆಯನ್ನೇ ಆರಿಸಿದ್ದರು.

ಒಂದು ಸಂಗತಿ ಮಾತ್ರ ಉದ್ಯಮಬಾಗದ ಅಣ್ಣನ ಪರವಾಗಿ ಹೇಳುತ್ತೇನೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗಬೇಕಿತ್ತು. ಸುತ್ತ ಬಾವಿಯಂತೆ ಎತ್ತರದ ಗೋಡೆ ಎಬ್ಬಿಸಿ ಅದನ್ನು ಉಳಿಸಿದರು. ಇಂದಿಗೂ ಸುತ್ತ ನೀರು, ನಡುವೆ ಮೆಟ್ಟಿಲಿಳಿದು ಹೋಗಿ ದರ್ಶನ. ನಮ್ಮ ಅಜ್ಜನ ಮನೆಗೆ ಯಾರೂ ಗೋಡೆ ಎಬ್ಬಿಸಲಿಲ್ಲ. ಜನರಿಗೆ ಬೇಕಾದದ್ದು ಉಳಿಯಿತು. ನಿಮ್ಮ ಪಾತ್ರೆಯೊಳಗಿನವರು ಯಾರಿಗೆ ಬೇಕು?

ಟ್ಯಾಂಕರ್ ಲೆಕ್ಕದವ (ನಿಪ್ಪಾಣಿ)

ನಾನು ಅನಿಲ ಸಾಗಣೆಯ ಗಾಡಿಗಳ ಲೆಕ್ಕ ಬರೆಯುವವನು. ಇಲ್ಲಿ ಎಲ್ಲರೂ ನೈಟ್ರೋಜನ್ ನಲ್ಲಿಯಲ್ಲಿ ಬರುತ್ತದೆ ಎಂಬಂತೆ ಮಾತಾಡುತ್ತಿದ್ದೀರಿ. ಅದು ಪುಣೆ ಕಡೆಯಿಂದಲೋ ಬಳ್ಳಾರಿಯ ತೋರಣಗಲ್ಲು ಕಡೆಯಿಂದಲೋ ಲಾರಿಯ ಮೇಲೆ ಬರಬೇಕು. 2019ರಲ್ಲಿ ಮತ್ತು 2021ರಲ್ಲಿ ಕೊಲ್ಲಾಪುರದ ಹತ್ತಿರ ಪಂಚಗಂಗಾ ನದಿ ಹೆದ್ದಾರಿಯ ಮೇಲೆ ಹರಿದು ದಿನಗಟ್ಟಲೆ ಗಾಡಿಗಳು ನಿಂತವು. ಗಡಿ ಗಲಾಟೆ ಎದ್ದರೆ ಮಳೆ ಇಲ್ಲದೆಯೂ ನಿಲ್ಲುತ್ತವೆ; ಗಾಜಿಗೆ ಕಲ್ಲು ಬೀಳುವ ದಿನ ಯಾವ ಚಾಲಕನೂ ಗಾಡಿ ತೆಗೆಯುವುದಿಲ್ಲ, ಅವನನ್ನು ದೂರುವಂತೆಯೂ ಇಲ್ಲ. ಇನ್ನೂರು ವರ್ಷದ ಕರಾರು ಬರೆಯುವವರು ಆ ಹೊತ್ತಿಗೆ ಬೆಳಗಾವಿಯ ದಾವೆ ಮುಗಿದಿರುತ್ತದೆಯೇ ಎಂದೂ ಯೋಚಿಸಲಿ (ತಮಾಷೆಗೆ ಹೇಳಿದೆ, ಇದರ ಮೇಲೆ ಜಗಳ ಬೇಡ).

ಇದಕ್ಕಿಂತ ಕೆಟ್ಟದ್ದು 2021ರ ಏಪ್ರಿಲ್. ಕೊರೋನಾ ಎರಡನೆಯ ಅಲೆಯಲ್ಲಿ ಆಕ್ಸಿಜನ್ ಸಾಗಿಸಲು ಗಾಡಿಗಳು ಸಾಲದಾದಾಗ ನೈಟ್ರೋಜನ್ ಮತ್ತು ಆರ್ಗಾನ್ ಟ್ಯಾಂಕರುಗಳನ್ನು ಆಕ್ಸಿಜನ್ನಿಗೆ ಪರಿವರ್ತಿಸಲು ಸರ್ಕಾರ ಆದೇಶ ಮಾಡಿತು. ಸರಿಯಾದ ಆದೇಶವೇ. ಉಸಿರಿಗೆ ಒದ್ದಾಡುವವನ ಮುಂದೆ ಸತ್ತವನ ಸರದಿ ಬರುವುದಿಲ್ಲ, ಮುಂದೆಂದೂ ಬರಬಾರದು. ಹೀಗಾಗಿ ನಿಮ್ಮ ಕೇಂದ್ರ ಯಾವ ಸಂಕಟದಲ್ಲೂ ಸಾಲಿನ ಕೊನೆಯಲ್ಲಿರುತ್ತದೆ ಎಂದು ಹಿಡಿದೇ ಲೆಕ್ಕ ಹಾಕಿ. ಕನಿಷ್ಠ ಒಂದೆರಡು ತಿಂಗಳಿಗೆ ಸಾಲುವ ದಾಸ್ತಾನು ಟ್ಯಾಂಕು ಅಂಗಳದಲ್ಲೇ ಇರಬೇಕು. ಅಷ್ಟು ದೊಡ್ಡ ಟ್ಯಾಂಕಿಗೆ ಸ್ಫೋಟಕ ಸುರಕ್ಷತೆಯ ಪೆಸೊ ಇಲಾಖೆಯ ಪರವಾನಗಿ ಬೇಕು. ನಾವೇ ನೈಟ್ರೋಜನ್ ತಯಾರಿಸಿಕೊಳ್ಳುತ್ತೇವೆ ಎಂದರೆ ಯಂತ್ರ ಬಂತು, ಕರೆಂಟು ಬಂತು, ಅದನ್ನು ರಿಪೇರಿ ಮಾಡುವ ಇನ್ನೊಬ್ಬ ಮನುಷ್ಯ ಬಂದ.

ಇನ್ನು ವಿಜಯಪುರದ ಬಯಲು. ಸೊಲ್ಲಾಪುರದಿಂದಲೂ ಹೊಸಪೇಟೆಯಿಂದಲೂ ದಾರಿ ಇದೆ, ನಿಜ. ದಾರಿ ಇದ್ದರೆ ಗಾಡಿ ಬರುವುದಿಲ್ಲ, ಗಿರಾಕಿ ಇದ್ದರೆ ಬರುತ್ತದೆ. ಒಂದೇ ಗಿರಾಕಿಗಾಗಿ ಅರ್ಧ ಟ್ಯಾಂಕರ್ ಹೊತ್ತು ಯಾರೂ ನೂರು ಕಿಲೋಮೀಟರ್ ಒಳಗೆ ತಿರುಗುವುದಿಲ್ಲ. ಆಸ್ಪತ್ರೆ, ಹಾಲಿನ ಒಕ್ಕೂಟ, ಫೌಂಡ್ರಿ, ಪ್ರಯೋಗಾಲಯ ಇರುವ ಊರಿನಲ್ಲಿ ಗಾಡಿ ಹೇಗೂ ನಿಲ್ಲುತ್ತದೆ, ನಿಮ್ಮದೂ ಅದರ ಜೊತೆ ತುಂಬಿಕೊಳ್ಳುತ್ತದೆ.

ಗುಮ್ಮಟದ ಓಣಿಯ ಮಾಸ್ತರ (ವಿಜಯಪುರ)

ಟ್ಯಾಂಕರ್ ಅಣ್ಣ ನಮ್ಮ ಊರನ್ನು ಒಂದೇ ಏಟಿಗೆ ಬದಿಗೆ ತಳ್ಳಿದ್ದಕ್ಕೆ ಬೇಸರವಿಲ್ಲ. 1993ರಲ್ಲಿ ಕಿಲ್ಲಾರಿ ನಡುಗಿದ ಬೆಳಗಿನ ಜಾವ ನಮ್ಮವರೂ ಮನೆಯಿಂದ ಹೊರಗೆ ಓಡಿದ್ದರು, 2021 ಮತ್ತು 22ರಲ್ಲಿ ನಮ್ಮ ಜಿಲ್ಲೆಯಲ್ಲೇ ಭೂಮಿ ಹಲವು ಬಾರಿ ಸಣ್ಣಗೆ ಅದುರಿತು. ಬೆಳಗಾವಿಯವರು 1967ರ ಡಿಸೆಂಬರಿನ ಕೊಯ್ನಾ ಭೂಕಂಪವನ್ನು ಮರೆತಿದ್ದರೆ ಹಿರಿಯರನ್ನು ಕೇಳಲಿ. ಕಲ್ಲಿನಂಥ ನೆಲ ಎಂದು ಯಾರೂ ಎದೆ ತಟ್ಟಿಕೊಳ್ಳುವುದು ಬೇಡ.

ನಾನು ಇತಿಹಾಸ ಹೇಳುವವನು, ಅದನ್ನೇ ಹೇಳುತ್ತೇನೆ. ದಿನವೂ ತುಂಬಬೇಕಾದ, ಎಂದೂ ಖಾಲಿಯಾಗಬಾರದ ಪಾತ್ರೆಯ ಸಮಸ್ಯೆ ನಮ್ಮ ಸೀಮೆಗೆ ಹೊಸದಲ್ಲ. ಗುಡಿಯ ನಂದಾದೀವಿಗೆ ಅದೇ ಅಲ್ಲವೇ? ಶಾಸನಗಳನ್ನು ಓದಿದರೆ ನಮ್ಮ ಹಿರಿಯರು ಇದನ್ನು ಎಷ್ಟು ಲೌಕಿಕವಾಗಿ ಬಿಡಿಸಿದ್ದರು ಎಂದು ಕಾಣುತ್ತದೆ. ದೀಪಕ್ಕೆ ಇಷ್ಟು ಎಣ್ಣೆ ಎಂದು ಅಳತೆ ಬರೆದರು. ಆ ಎಣ್ಣೆ ಬರಲು ಇಂಥ ಗದ್ದೆ, ಇಂಥ ಗಾಣ, ಇಲ್ಲವೇ ಬಡ್ಡಿಗೆ ಕೊಟ್ಟ ಇಷ್ಟು ಗದ್ಯಾಣ ಹೊನ್ನು ಎಂದು ಬರೆದರು. ಮೂಲಧನ ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ದೀಪ ಉರಿಯಬೇಕು. ಹೊಣೆಯನ್ನು ಒಬ್ಬ ವ್ಯಕ್ತಿಗೆ ಒಪ್ಪಿಸದೆ ಊರ ಮಹಾಜನರಿಗೋ ಎಣ್ಣೆ ಗಾಣದ ತೆಲ್ಲಿಗರ ಸಮುದಾಯಕ್ಕೋ ಒಪ್ಪಿಸಿದರು. ಕೊನೆಗೆ, ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟಲಿ ಎಂದು ಶಾಪ ಕೆತ್ತಿಸಿದರು. ಆಲ್ಕೋರ್‌ನವರು 1990ರ ದಶಕದಲ್ಲಿ ಪ್ರತ್ಯೇಕ ಟ್ರಸ್ಟ್ ಮಾಡಿ, ಸದಸ್ಯರು ಕಟ್ಟುವ ಹಣದ ದೊಡ್ಡ ಪಾಲನ್ನು ಅದರಲ್ಲಿಟ್ಟು, ಆದಾಯದಲ್ಲಿ ನೈಟ್ರೋಜನ್ ತುಂಬುವ ಏರ್ಪಾಡು ಮಾಡಿದ್ದಾರೆ. ಶಾಪವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮದೇ ಪದ್ಧತಿ.

ಅಷ್ಟಾಗಿಯೂ ಆ ದೀವಿಗೆಗಳಲ್ಲಿ ಇಂದು ಎಷ್ಟು ಉರಿಯುತ್ತಿವೆ? ನಮ್ಮ ಊರಿನ ಉದಾಹರಣೆಯೇ ಇದೆ. ಮುಹಮ್ಮದ್ ಆದಿಲ್ ಶಾಹನಿಗೆ ಮೂರು ದಶಕದ ಆಳ್ವಿಕೆ ಸಿಕ್ಕಿತು, ಗೋಳಗುಮ್ಮಟ ಎದ್ದಿತು. ಅವನ ಮಗ ಎರಡನೆಯ ಅಲಿ ಅದಕ್ಕಿಂತ ದೊಡ್ಡದನ್ನು ಶುರು ಮಾಡಿ 1672ರಲ್ಲಿ ತೀರಿಕೊಂಡ. ಅವನ ಆ ಗೋರಿಯ, ಬಾರಾ ಕಮಾನಿನ, ಕಮಾನುಗಳು ಛಾವಣಿ ಇಲ್ಲದೆ ಇಂದಿಗೂ ನಿಂತಿವೆ. ಸತ್ತವನ ಕೆಲಸ ಮುಂದುವರಿಸುವ ಆಸೆ ಬದುಕಿದ್ದವರಿಗೆ ಇರಲಿಲ್ಲ, ಅವರಿಗೆ ಅವರದೇ ಯುದ್ಧಗಳಿದ್ದವು.

ಆಶ್ರಮದ ಹಾದಿಯವ (ವಿಜಯಪುರ)

ಇಷ್ಟೆಲ್ಲ ಏತಕ್ಕೆ? ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟರು. ದೇಹವನ್ನು ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟಿದ್ದರು. ಹಾಗೆಯೇ ನಡೆಯಿತು. ಕಾಯಲು ಸಿಬ್ಬಂದಿ ಬೇಡ, ಜಾಗ ಬೇಡ.

ಉದ್ಯಮಬಾಗದವ (ಬೆಳಗಾವಿ)

ಆಶ್ರಮದ ಹಾದಿಯವರೇ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಭಕ್ತಿ ಎರಡೂ ಕಡೆ ಎಳೆಯುತ್ತದೆ. ಪಂಜಾಬಿನ ನೂರ್‌ಮಹಲಿನಲ್ಲಿ ಅಶುತೋಷ್ ಮಹಾರಾಜರು 2014ರ ಜನವರಿಯಲ್ಲಿ ತೀರಿಕೊಂಡರೆಂದು ವೈದ್ಯರು ಹೇಳಿದರು. ಶಿಷ್ಯರು ಸಮಾಧಿ ಸ್ಥಿತಿ ಎಂದು ದೇಹವನ್ನು ಫ್ರೀಜರಿನಲ್ಲಿಟ್ಟರು. ಅಂತ್ಯಕ್ರಿಯೆ ಮಾಡಿ ಎಂದು ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತ್ತು, 2017ರಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ತೆಗೆದುಹಾಕಿತು. ಸಿಬ್ಬಂದಿಯ ಸಮಸ್ಯೆಗೆ ಅದೂ ಒಂದು ಉತ್ತರ: ಸಂಬಳಕ್ಕಲ್ಲ, ನಂಬಿಕೆಗೆ ಕಾಯುವವರು. ನನಗೆ ಅದು ಒಪ್ಪಿಗೆಯಲ್ಲ. ನಂಬಿದವನು ಕೋಲು ಅದ್ದಿ ನೋಡುವುದಿಲ್ಲ, ನಂಬಿರುತ್ತಾನೆ ಅಷ್ಟೆ.

ಒಬ್ಬನೇ ಕಾಯುವ ಕಥೆಯೂ ಇದೆ. ಕೊಲರಾಡೋದ ನೆದರ್ಲೆಂಡ್ ಎಂಬ ಊರಿನಲ್ಲಿ ಬ್ರೇಡೋ ಮೋರ್ಸ್‌ಟೋಲ್ ಎಂಬ ನಾರ್ವೆಯ ಅಜ್ಜನ ದೇಹವನ್ನು ಮೊಮ್ಮಗ ಶೆಡ್ಡಿನಲ್ಲಿಟ್ಟಿದ್ದ. ಮೊಮ್ಮಗನನ್ನು ದೇಶದಿಂದ ಗಡೀಪಾರು ಮಾಡಿದರು. ಆಮೇಲೆ ಸ್ಥಳೀಯನೊಬ್ಬ ಸಂಬಳಕ್ಕೆ ವರ್ಷಾನುಗಟ್ಟಲೆ ಟ್ರಕ್ಕಿನಲ್ಲಿ ಡ್ರೈ ಐಸ್ ತಂದು ಸುರಿದ. ಊರವರು ಅಜ್ಜನ ಹೆಸರಿನಲ್ಲಿ ಜಾತ್ರೆಯನ್ನೇ ಶುರು ಮಾಡಿದರು. 2023ರಲ್ಲಿ ಜಾತ್ರೆ ಎಸ್ಟೆಸ್ ಪಾರ್ಕಿಗೆ ಹೋಯಿತು, ಹಿಂದೆಯೇ ಅಜ್ಜನನ್ನೂ ಅಲ್ಲಿಯ ಹೋಟೆಲಿನ ಆವರಣಕ್ಕೆ ಸಾಗಿಸಿ ದ್ರವ ನೈಟ್ರೋಜನ್ನಿಗೆ ಇಳಿಸಿದರು. ನವನಗರದ ಅಣ್ಣ ಕೇಳಿದ ‘ಯಾರಿಗೆ ಬೇಕು’ ಎಂಬುದಕ್ಕೆ ಇದಕ್ಕಿಂತ ವಿಚಿತ್ರವಾದ ಉತ್ತರ ನನಗೆ ಗೊತ್ತಿಲ್ಲ.

ನನ್ನ ಲೆಕ್ಕ ಹೀಗಿದೆ. ವಾರಕ್ಕೆ 168 ಗಂಟೆ. ಒಬ್ಬನಿಗೆ ವಾರಕ್ಕೆ 48 ಗಂಟೆ ಕೆಲಸ. ರಜೆ, ಕಾಯಿಲೆ, ಮದುವೆ ಸೇರಿಸಿದರೆ ಒಂದು ಕುರ್ಚಿ ಸದಾ ತುಂಬಿರಲು ನಾಲ್ಕರಿಂದ ಐದು ಜನ. ಅಕ್ಕಾವರು ಹೇಳಿದಂತೆ ಇಬ್ಬರು ಇರಲೇಬೇಕೆಂದರೆ ಒಂಬತ್ತು ಹತ್ತು ಜನ. ಒಬ್ಬೊಬ್ಬರು ಮೂವತ್ತು ವರ್ಷ ದುಡಿದರೂ ನೂರು ವರ್ಷದಲ್ಲಿ ಮೂವತ್ತಕ್ಕಿಂತ ಹೆಚ್ಚು ಜನರನ್ನು ಹುಡುಕಿ, ಕಲಿಸಿ, ಉಳಿಸಿಕೊಳ್ಳಬೇಕು. ಪಾತ್ರೆ ಒಂದಿದ್ದರೂ ಅಷ್ಟೇ ಜನ, ಐವತ್ತಿದ್ದರೂ ಹೆಚ್ಚುಕಡಿಮೆ ಅಷ್ಟೇ ಜನ. ಹಾಗಾಗಿ ಸಣ್ಣ ಕೇಂದ್ರ ಎಂಬುದು ಇಲ್ಲಿ ಅಗ್ಗವಲ್ಲ, ಎಲ್ಲಕ್ಕಿಂತ ದುಬಾರಿ. ನಮ್ಮ ಕಡೆಯ ಹುಡುಗರು ವೆಲ್ಡಿಂಗ್ ಕಲಿತ ಎರಡನೆಯ ವರ್ಷಕ್ಕೇ ಪುಣೆಯ ಬಸ್ಸು ಹತ್ತುತ್ತಾರೆ. ಅವರನ್ನು ತಡೆಯುವ ಸಂಬಳ ಎಷ್ಟು ಎಂಬುದು ಯಾವ ಯೋಜನಾ ವರದಿಯಲ್ಲೂ ಮೊದಲ ಪುಟದಲ್ಲಿರಬೇಕು.

ಕಪ್ಪು ಕೋಟಿನವ (ಬೆಳಗಾವಿ ನ್ಯಾಯಾಲಯ ಆವರಣ)

ಮಾಸ್ತರರ ನಂದಾದೀವಿಗೆಗೆ ಒಂದು ಕಾನೂನಿನ ತೊಡಕು. ಆಸ್ತಿ ವರ್ಗಾವಣೆ ಕಾಯ್ದೆ, 1882ರ 14ನೇ ಕಲಂ ಖಾಸಗಿ ಆಸ್ತಿಯನ್ನು ಅನಿರ್ದಿಷ್ಟ ಕಾಲ ಕಟ್ಟಿಹಾಕಲು ಬಿಡುವುದಿಲ್ಲ. 18ನೇ ಕಲಂ ವಿನಾಯಿತಿ ಕೊಡುವುದು ಸಾರ್ವಜನಿಕ ಹಿತದ ದತ್ತಿಗೆ. ಗುಡಿಯ ದೀಪ ಆ ಬಾಗಿಲಿನಿಂದ ಒಳಗೆ ಬಂತು. ಒಬ್ಬ ಶ್ರೀಮಂತ ತನ್ನ ಶವವನ್ನು ತಂಪಾಗಿಡಲು ಇಟ್ಟ ಹಣ ಸಾರ್ವಜನಿಕ ಹಿತವೇ? ಸಂಶೋಧನೆ ಎಂದು ವಾದಿಸಬಹುದು, ಗೆಲ್ಲುವ ಭರವಸೆ ನಾನು ಕೊಡುವುದಿಲ್ಲ.

ಮನೆಯವರ ಕೈಗೂ ಬಿಡಬೇಡಿ. ಫ್ರಾನ್ಸಿನ ಮಾರ್ಟಿನೋ ಎಂಬ ವೈದ್ಯ 1984ರಲ್ಲಿ ತೀರಿಕೊಂಡ ಹೆಂಡತಿಯನ್ನು ತನ್ನ ಬಂಗಲೆಯ ನೆಲಮಾಳಿಗೆಯ ಫ್ರೀಜರಿನಲ್ಲಿಟ್ಟ, 2002ರಲ್ಲಿ ಮಗ ಅಪ್ಪನನ್ನೂ ಅಲ್ಲೇ ಇಟ್ಟ. 2006ರಲ್ಲಿ ಯಂತ್ರ ಕೆಟ್ಟು ತಾಪ ಏರಿದ್ದು ತಡವಾಗಿ ಗೊತ್ತಾಯಿತು. ಮಗ ಇಬ್ಬರನ್ನೂ ದಹನ ಮಾಡಿಸಿದ. ಅದು ಕರೆಂಟಿನ ಮೇಲೆ ನಡೆಯುತ್ತಿದ್ದ ಫ್ರೀಜರ್, ದ್ರವ ನೈಟ್ರೋಜನ್ ಅಲ್ಲ. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಸ್ಮಶಾನದ ನೆಲಮಾಳಿಗೆಯಲ್ಲಿ 1970ರ ದಶಕದಲ್ಲಿ ದುಡ್ಡು ಮುಗಿದು ದೇಹಗಳು ಕರಗಿಹೋದವು. ಕಾಯುತ್ತಿದ್ದ ಸಂಘದವರು ಅದನ್ನು ಸಂಬಂಧಿಕರಿಗೂ ಹೇಳಿರಲಿಲ್ಲ. ಇದಕ್ಕೆ ಎದುರು ಉದಾಹರಣೆಯನ್ನೂ ಹೇಳಬೇಕು. 1967ರ ಜನವರಿ 12ರಂದು ಮೊದಲ ಬಾರಿಗೆ ಹೀಗೆ ಇಟ್ಟ ಜೇಮ್ಸ್ ಬೆಡ್‌ಫೋರ್ಡ್ ಅವರ ದೇಹ ಹಲವು ಕೈ ಬದಲಾಯಿಸಿ, ನಡುವೆ ಸ್ವಲ್ಪ ಕಾಲ ಮನೆಯವರ ಕಾಳಜಿಯಲ್ಲೂ ಇದ್ದು, ಇಂದಿಗೂ ಆಲ್ಕೋರ್‌ನಲ್ಲಿದೆ.

ಇನ್ನು ಸಿಬ್ಬಂದಿಯೇ ಜಗಳ ತೆಗೆದರೆ? ರಷ್ಯಾದ ಕ್ರಿಯೋರಸ್‌ನಲ್ಲಿ 2021ರಲ್ಲಿ ಅದೇ ಆಯಿತು. ಸಂಸ್ಥೆ ನಡೆಸುತ್ತಿದ್ದ ಮಾಜಿ ದಂಪತಿಯ ನಡುವೆ ವ್ಯಾಜ್ಯ. ಒಂದು ಕಡೆಯವರು ಪಾತ್ರೆಗಳನ್ನು ದೇಹಗಳ ಸಮೇತ ಲಾರಿಗೆ ಹೇರಿ ಹೊರಟರು, ಪೊಲೀಸರು ತಡೆದರು. ಆಸ್ತಿ ಪಾಲಿನ ದಾವೆಗಳನ್ನು ದಿನವೂ ನೋಡುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಪಾತ್ರೆ ಯಾರದು, ಒಳಗಿನ ದೇಹ ಯಾರ ವಶದ್ದು, ನೆಲ ಯಾರದು: ಮೂರಕ್ಕೂ ಮೂರು ಬೇರೆ ಕಾಗದ ಇರಬೇಕು, ಮೂರೂ ಒಬ್ಬನ ಹೆಸರಿನಲ್ಲಿ ಇರಬಾರದು.

ಐಟಿಐ ಫಿಟ್ಟರ್ (ಗೋಕಾಕ)

ಎಲ್ಲರೂ ಸಿಬ್ಬಂದಿ ಸಿಬ್ಬಂದಿ ಎನ್ನುತ್ತಿದ್ದೀರಿ, ಸಿಬ್ಬಂದಿಯನ್ನು ಯಾರೂ ಕೇಳಿಲ್ಲ. ನಾನು ಅಂಥ ಕೆಲಸಕ್ಕೆ ಬರಲು ತಯಾರಿದ್ದೇನೆ. ಹೆಣದ ಭಯ ನನಗಿಲ್ಲ, 2019ರ ಹೊಳೆ ಇಳಿದ ಮೇಲೆ ನಮ್ಮೂರಿನಲ್ಲಿ ನಾವು ಹುಡುಗರು ಏನೇನು ಎತ್ತಿ ಸಾಗಿಸಿದ್ದೇವೆ ಎಂಬುದು ನಮಗೇ ಗೊತ್ತು. ಆದರೆ ನನ್ನ ಷರತ್ತು ಕೇಳಿ. ಗುತ್ತಿಗೆ ಏಜೆನ್ಸಿಯ ಮೂಲಕ ಬೇಡ, ನೇರ ನೇಮಕ ಬೇಕು. ಪಿಎಫ್, ಇಎಸ್‌ಐ, ರಾತ್ರಿ ಪಾಳಿಯ ಭತ್ಯೆ ಬೇಕು. ಊರಾಚೆ ಗುಡ್ಡದ ಮೇಲೆ ಕಟ್ಟಿದರೆ ನಾನು ಬರುವುದಿಲ್ಲ. ಮಗಳು ಒಂದನೆಯ ತರಗತಿಗೆ ಹೋಗಬೇಕು, ಹೆಂಡತಿ ಟೇಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಬೆಳಗಾವಿ ಆದರೆ ಬರುತ್ತೇನೆ, ಗೋಕಾಕ ಆದರೆ ಇನ್ನೂ ಒಳ್ಳೆಯದು. ಕೆಲಸ ಕಲಿಯಲು ಎಷ್ಟು ದಿನ ಬೇಕು?

ಭ್ರೂಣಶಾಸ್ತ್ರದಾಕೆ (ಟಿಳಕವಾಡಿ, ಬೆಳಗಾವಿ)

ತಮ್ಮಾ, ತುಂಬುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಏನೂ ಆಗದ ಆರು ತಿಂಗಳ ನಂತರವೂ ಮೊದಲ ದಿನದಂತೆಯೇ ಅಲಾರಂ ಪರೀಕ್ಷಿಸುವುದನ್ನು ಕಲಿಯಲು ಹೆಚ್ಚು ಕಾಲ ಬೇಕು. ನಮ್ಮಲ್ಲಿ ಹೊಸಬರನ್ನು ಕೈಬಿಡುವುದು ಅಲ್ಲೇ. ಕೆಲಸ ಕಷ್ಟವೆಂದು ಬಿಟ್ಟವರು ಕಡಿಮೆ, ಬೇಸರವೆಂದು ಬಿಟ್ಟವರೇ ಹೆಚ್ಚು. ಪಾಳಿ ಬದಲಾಗುವಾಗ ಇಬ್ಬರೂ ಒಟ್ಟಿಗೆ ನಿಂತು ಮಟ್ಟ ಅಳೆದು ಇಬ್ಬರೂ ಸಹಿ ಹಾಕುವ ನಿಯಮ ಇಡಿ. ಹೋಗುವವನು ಬರುವವನಿಗೆ ಸಾಕ್ಷಿ.

ನಿವೃತ್ತ ಪಶು ಪರಿವೀಕ್ಷಕ (ಜಮಖಂಡಿ)

ಸಹಿ ಹಾಕುವುದು ಸರಿ ಅಕ್ಕಾವರೇ, ಜೊತೆಗೆ ಕೋಲಿನ ಫೋಟೋವನ್ನೂ ತೆಗೆಯಿಸಿ. ಹಿಮದ ಗೆರೆ ಕೆಲವೇ ಕ್ಷಣ ಇರುತ್ತದೆ, ಹಿಂದಿನ ದಿನದ ಫೋಟೋ ಹಾಕಿದರೆ ಗೊತ್ತಾಗುವಂತೆ ಪಕ್ಕದಲ್ಲಿ ಆ ದಿನದ ಕ್ಯಾಲೆಂಡರ್ ಹಾಳೆ ಇರಲಿ. ಫಿಟ್ಟರ್ ತಮ್ಮಾ, ಕಲಿಯುವ ಮನಸ್ಸಿದ್ದರೆ ಮೊದಲು ನಿಮ್ಮ ತಾಲೂಕಿನ ಪಶು ಆಸ್ಪತ್ರೆಯಲ್ಲಿ ನೈಟ್ರೋಜನ್ ಗಾಡಿ ಬರುವ ದಿನ ಕೇಳಿಕೊಂಡು ಹೋಗು. ತುಂಬುವಾಗ ದೂರ ನಿಂತು ನೋಡು. ಮುಖಕ್ಕೆ ಕನ್ನಡಕ, ಸಡಿಲವಾದ ಚರ್ಮದ ಕೈಗವಸು, ಪೂರ್ತಿ ಮುಚ್ಚಿದ ಬೂಟು ಇಲ್ಲದವರನ್ನು ಹತ್ತಿರ ಬಿಡುವುದಿಲ್ಲ, ಬಿಟ್ಟರೂ ನೀನು ಹೋಗಬೇಡ.